ಅಲ್ಮಾರಿಯ ಹಿಂದಿನ ಮೂರು

ಅವರ ಬಲಗೈ ಹೆಬ್ಬೆರಳು ಸದಾ ಬೂದು ಬಣ್ಣದ್ದಾಗಿರುತ್ತಿತ್ತು. ಮಸಿಯಲ್ಲ, ಎಣ್ಣೆಯೂ ಅಲ್ಲ. ರಬ್ಬರ್ ತಿಕ್ಕಿ ತಿಕ್ಕಿ ಚರ್ಮದ ಗೆರೆಗಳೊಳಗೆ ಇಳಿದುಹೋದ ಕೊಳೆ. ಅಂಗಿಯ ಜೇಬಿನಲ್ಲಿ ಪೆನ್ನು ಇಡುವವರಲ್ಲ. ಅಲ್ಲಿರುತ್ತಿದ್ದದ್ದು ಶಾಲೆಯ ಮಕ್ಕಳು ಪೆನ್ಸಿಲ್ ಅಳಿಸುವಂಥ ಒಂದು ಬಿಳಿ ರಬ್ಬರ್, ಒಂದು ಮೂಲೆ ಸವೆದು ಓರೆಯಾದದ್ದು. ಯಾವುದೇ ಕಂಪ್ಯೂಟರಿನ ಡಬ್ಬಿ ಬಿಚ್ಚುವ ಮುನ್ನ ಎದ್ದು ಹೋಗಿ ಕಿಟಕಿಯ ಕೊನೆಯ ಸರಳನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬರುತ್ತಿದ್ದರು. ಉಳಿದ ಸರಳುಗಳಿಗೆಲ್ಲ ತುಕ್ಕು ಹಿಡಿದಿತ್ತು. ಅದೊಂದು ಮಾತ್ರ ಅಂಗೈಯಗಲದ ಜಾಗದಲ್ಲಿ ಬಸ್ಸಿನ ಕಂಬಿಯ ಹಾಗೆ ಹೊಳೆಯುತ್ತಿತ್ತು.

ನಾವು ಅವರನ್ನು ಲ್ಯಾಬ್ ಚಾಚಾ ಎನ್ನುತ್ತಿದ್ದೆವು. ಕಮಲಾಪುರದ ಒಂದು ಖಾಸಗಿ ಡಿಗ್ರಿ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬನ್ನು ನೋಡಿಕೊಳ್ಳುತ್ತಿದ್ದವರು. ಕಾಲೇಜಿನ ಹೆಸರು ಇಲ್ಲಿ ಬೇಡ. ಈ ಕತೆಯಲ್ಲಿ ಆರೋಪಿ ಸ್ಥಾನದಲ್ಲಿ ನಿಲ್ಲಬೇಕಾದದ್ದು ಕಾಲೇಜಲ್ಲ.

ಲ್ಯಾಬೆಂದರೆ ಉದ್ದನೆಯ ಒಂದು ಕೋಣೆ. ಧೂಳು ಬರಬಾರದೆಂದು ಕಿಟಕಿಯ ಬಾಗಿಲುಗಳಿಗೆ ಹೊರಗಿನಿಂದ ಮೊಳೆ ಹೊಡೆದಿದ್ದರು. ಬಾಗಿಲಿಗೆ ಕಬ್ಬಿಣದ ಜಾಲರಿ ಗೇಟು. ಹಿಂದೊಮ್ಮೆ ಯಾರೋ ಎರಡು ಮೌಸ್ ಕದ್ದರಂತೆ, ಅಂದಿನಿಂದ ಪ್ರಾಕ್ಟಿಕಲ್ ನಡೆಯುವ ಎರಡು ಗಂಟೆ ಗೇಟಿಗೆ ಒಳಗಿನಿಂದ ಬೀಗ. ಮುಗಿದ ಮೇಲೆ ಮೌಸ್ ಎಣಿಸಿ, ಎಲ್ಲ ಇದ್ದರೆ ಮಾತ್ರ ಬೀಗ ತೆಗೆಯಬೇಕು. ಪ್ರಿನ್ಸಿಪಾಲರ ಆಜ್ಞೆ. ಏಪ್ರಿಲ್ ತಿಂಗಳಲ್ಲಿ ಆ ಕೋಣೆಯೊಳಗೆ ಎರಡು ಗಂಟೆ ಕೂತವರಿಗೆ ಜೈಲಿನ ಬಗ್ಗೆ ಬೇರೆ ಪಾಠ ಬೇಕಾಗುವುದಿಲ್ಲ. ಮೂವತ್ತೊಂದು ಕಂಪ್ಯೂಟರ್‌ಗಳಲ್ಲಿ ನಡೆಯುತ್ತಿದ್ದವು ಹನ್ನೆರಡು. ಒಂದೊಂದರ ಮುಂದೆ ಮೂವರು. ಗಡಿಯಾರ ನೋಡಲು ಪರದೆಯ ಮೂಲೆಗೆ ಕಣ್ಣು ಹಾಯಿಸಿದರೆ ಅಲ್ಲಿ ಯಾವಾಗಲೂ ಯಾವುದೋ ಹಳೆಯ ವರ್ಷದ ಜನವರಿ ಒಂದು.

ಮೊದಲ ವಾರವೇ ಕೇಳಿದ್ದೆ. "ಚಾಚಾ, ಇಲ್ಲಿ ದಿನಾ ಜನವರಿ ಒಂದೇ ಯಾಕ್ರಿ?"

"ಒಳಗ ಒಂದು ಗುಂಡನ ಸೆಲ್ ಇರ್ತದ, ವಾಚಿನ ಸೆಲ್ ಇದ್ದಂಗ. ಬಟನ್ ಬಂದ್ ಮಾಡಿದ್ರೂ ಆ ಸೆಲ್ ಕುಂತು ತಾರೀಖು ಎಣಿಸ್ತಿರ್ತದ. ಅದು ಸತ್ರ ಬೋರ್ಡಿಗಿ ಎಲ್ಲಾ ಮರ್ತೋಗ್ತದ. ದಿನಾ ಮುಂಜಾನಿ ಅದಕ್ಕ ಇವತ್ತೇ ಹುಟ್ಟೀನಿ ಅನಸ್ತದ."

"ಸೆಲ್ ಹಾಕಿಸ್ರಲ್ಲ ಮತ್ತ."

"ಕೇಳೀನಿ. ಕೇಳಾಕತ್ತು ಆರು ವರ್ಷ ಆತು."

ನಾನು ಅಲ್ಲಿಗೆ ಇಷ್ಟಪಟ್ಟು ಬಂದವಳಲ್ಲ. ಪಿಯುಸಿ ಮುಗಿಯುವ ಹೊತ್ತಿಗೆ ನನ್ನ ಹತ್ತಿರ ಇದ್ದ ಆಸ್ತಿ ಚರ್ಚಾಸ್ಪರ್ಧೆಯಲ್ಲಿ ಗೆದ್ದ ಒಂದು ಚೀಲ ಕಪ್ಪುಗಳು, ಮತ್ತು ಯಾರು ಏನೇ ಹೇಳಿದರೂ "ಆಧಾರ ಏನು?" ಎಂದು ಕೇಳುವ ಚಟ. ಕಾನೂನು ಓದಬೇಕೆಂದಿದ್ದೆ. "ವಾದಾ ಮನ್ಯಾಗೇ ಬೇಕಾದಷ್ಟು ಮಾಡ್ತಿ, ಅದಕ್ಕ ಮತ್ತ ಕಾಲೇಜ್ ಯಾಕ? ಕಂಪ್ಯೂಟರ್ ತಗೋ" ಎಂದರು ಅಪ್ಪ. ಕಲಬುರಗಿಯಲ್ಲಿ ಸೀಟು ಮುಗಿದಿದ್ದವು, ಕಮಲಾಪುರದಲ್ಲಿ ಉಳಿದಿದ್ದವು. ಸುತ್ತಲಿನ ಊರಿನ ಮಕ್ಕಳೆಲ್ಲ ಓದಲು ಕಲಬುರಗಿಗೆ ಬರುವ ಬಸ್ಸಿನ ಎದುರು ದಿಕ್ಕಿನ ಬಸ್ಸಿನಲ್ಲಿ, ಕಲಬುರಗಿಯದೇ ಜೇವರ್ಗಿ ಕಾಲೋನಿಯ ಹುಡುಗಿ ನಾನು, ಮೂರು ವರ್ಷ ಉಲ್ಟಾ ಪ್ರಯಾಣ ಮಾಡಿದೆ. ಕಿಟಕಿ ಪಕ್ಕ ಕೂತು ಹೊರಗೆ ನೋಡುತ್ತ ಇಲ್ಲಿಂದ ಹೇಗೆ ತಪ್ಪಿಸಿಕೊಳ್ಳಲಿ ಎಂಬ ಒಂದೇ ವಿಷಯದ ಮೇಲೆ ಪರ ವಿರೋಧ ಎರಡೂ ಕಡೆ ನಾನೇ ಮಾತಾಡಿಕೊಳ್ಳುತ್ತಿದ್ದೆ.

ಚಾಚಾ ಅವರೊಂದಿಗೆ ನನ್ನ ಮೊದಲ ಜಗಳ ಆ ಸರಳಿನದ್ದೇ.

"ಚಾಚಾ, ಅದೇನು ಹರಕೆ ಏನ್ರಿ? ಪ್ರತಿ ಸಲ ಸರಳು ಮುಟ್ಟಿ ಬರ್ತೀರಿ."

"ನಮ್ಮ ಮೈಯಾಗ ಕರೆಂಟ್ ಇರ್ತದ. ಚಳಿಗಾಲದಾಗ ಸ್ವೆಟರ್ ತೆಗಿವಾಗ ಚಟಚಟ ಅಂತದಲ್ಲ, ಅದು. ನಮಗ ಅದು ಸೊಳ್ಳಿ ಕಡದಂಗ. ಈ ಚಿಪ್ಪಿಗಿ ಸಿಡ್ಲು ಬಡದಂಗ. ಸರಳು ಹಿಡದ್ರ ಅದು ನೆಲಕ್ಕ ಇಳೀತದ."

"ಸರಳು ಗ್ವಾಡ್ಯಾಗ ಅದರಿ. ನೆಲಕ್ಕ ಹೆಂಗ ಇಳೀತದ? ಇಟ್ಟಂಗಿ ಒಳಗ ಕರೆಂಟ್ ಹರಿಯಂಗಿಲ್ಲ. ಅಂದ್ರ ನೀವು ಮಾಡೂದು ಬರೇ ನಂಬಿಕಿ, ವಿಜ್ಞಾನ ಅಲ್ಲ." ಇಡೀ ಲ್ಯಾಬು ನನ್ನ ಕಡೆ ತಿರುಗಿತ್ತು. ಇಂಥ ಹೊತ್ತಿನಲ್ಲಿ ನನ್ನ ದನಿ ತಾನಾಗಿ ವೇದಿಕೆಗೆ ಏರುತ್ತದೆ.

ಚಾಚಾ ಸಿಟ್ಟಾಗಲಿಲ್ಲ. ಜೇಬಿನಿಂದ ಕೀಲಿ ತೆಗೆದು ಕೊಟ್ಟರು. "ವಕೀಲಬಾಯಿ, ಹೊರಗ ಹೋಗಿ ಆ ಸರಳಿನ ಹಿಂದ ನೋಡಿ ಬಾ. ಮೌಸ್ ಇಟ್ಟು ಹೋಗು ಮತ್ತ."

ಹೋಗಿ ನೋಡಿದೆ. ಸರಳಿನ ಬುಡಕ್ಕೆ ಬೆಸೆದ ತಾಮ್ರದ ತಂತಿಯೊಂದು ಚೌಕಟ್ಟಿನ ಸಂದಿಯಿಂದ ಹೊರಬಂದು, ಗೋಡೆಗುಂಟ ಇಳಿದು, ನೆಲದಲ್ಲಿ ಹೂತ ಕಬ್ಬಿಣದ ಕೊಳವೆಗೆ ಸುತ್ತಿಕೊಂಡಿತ್ತು. ಸುತ್ತಲ ಮಣ್ಣು ಸುಡು ಬಿಸಿಲಿನಲ್ಲೂ ಒದ್ದೆ. ಮಣ್ಣು ಒಣಗಿದರೆ ಕರೆಂಟು ಇಳಿಯುವುದಿಲ್ಲವೆಂದು ಅವರು ಊಟ ಮಾಡಿ ಕೈ ತೊಳೆದ ನೀರು, ನಮಾಜಿಗೆ ಮುಂಚೆ ಕೈಕಾಲು ತೊಳೆದ ನೀರು ಎಲ್ಲವನ್ನೂ ಅಲ್ಲೇ ಚೆಲ್ಲುತ್ತಿದ್ದರು. ನಾನು ವಾಪಸು ಬಂದು ಕೀಲಿ ಕೊಟ್ಟು ಕೂತೆ. ಜೀವನದಲ್ಲಿ ಸೋತ ಮೊದಲ ಚರ್ಚೆ ಅದು. ಎದುರಾಳಿ ಒಂದು ಮಾತೂ ವಾದಿಸಿರಲಿಲ್ಲ. ಅಂದಿನಿಂದ ನಾನು ವಕೀಲಬಾಯಿಯಾದೆ.

ಆಮೇಲೆ ಅವರ ಕೆಲಸವನ್ನು ತಪ್ಪು ಹುಡುಕುವ ಕಣ್ಣಿನಿಂದಲೇ ನೋಡತೊಡಗಿದೆ. ಸಿಗಲಿಲ್ಲ. ಏಳನೇ ನಂಬರಿನ ಕಂಪ್ಯೂಟರ್ ನನ್ನದು. ಒಂದು ದಿನ ಪರದೆ ಕಪ್ಪಗೆ ಉಳಿದು, ಡಬ್ಬಿಯೊಳಗಿನಿಂದ ಉದ್ದುದ್ದ ಬೀಪ್ ಬರತೊಡಗಿತು, ನಿಲ್ಲದೆ.

"ಪರದೆ ಕೆಟ್ಟದ್ರಿ" ಎಂದೆ.

"ಆಧಾರ ಏನು?" ಎಂದರು. ನನ್ನ ಮಾತು ನನಗೇ! ಹುಡುಗಿಯರೆಲ್ಲ ನಕ್ಕರು. "ಪರದಿ ತೋರಸ್ಲಿಕ್ಕ ಆಗಲಿಲ್ಲಂದ್ರ ಅದು ಬಾಯಿಲೆ ಹೇಳಾಕತ್ತದ. ಕೇಳು. ಒಂದೇ ಸಣ್ಣ ಬೀಪ್ ಅಂದ್ರ ಎಲ್ಲಾ ಛಲೋ ಅದ. ಹಿಂಗ ಉದ್ದಕ ಒದರ್ತಂದ್ರ ರ‍್ಯಾಮ್ ಸಿಗವಲ್ದು ಅಂತ."

ಕರೆಂಟು ತೆಗೆದರು. ತೆಗೆದ ಮೇಲೂ ಬಟನ್ನನ್ನು ಹತ್ತು ಎಣಿಸುವ ತನಕ ಒತ್ತಿ ಹಿಡಿದರು, ಒಳಗೆ ಉಳಿದ ಕರೆಂಟು ಹೋಗಲಿ ಎಂದು. ಸರಳು ಮುಟ್ಟಿ ಬಂದರು. ಡಬ್ಬಿ ಬಿಚ್ಚಿ, ಬಾಚಣಿಗೆಯಷ್ಟು ಉದ್ದದ ಒಂದು ಹಸಿರು ಪಟ್ಟಿಯನ್ನು ಹೊರಗೆಳೆದರು. ಅದರ ಅಂಚಿನ ಬಂಗಾರ ಬಣ್ಣದ ಹಲ್ಲುಗಳನ್ನು ರಬ್ಬರಿನಿಂದ ಒಂದೇ ದಿಕ್ಕಿನಲ್ಲಿ ತಿಕ್ಕಿದರು, ಹಸುಗೂಸಿನ ಮೂಗು ಒರೆಸುವಷ್ಟು ಹಗುರವಾಗಿ. ತಿರುಗಿ ಹಾಕಿದರೂ ಬೀಪ್ ನಿಲ್ಲಲಿಲ್ಲ. ಆಗ ಮೂಲೆಯಲ್ಲಿ ಸಾಲಾಗಿ ಇಟ್ಟಿದ್ದ ಕೆಟ್ಟ ಕಂಪ್ಯೂಟರ್‌ಗಳತ್ತ ಹೋಗಿ, ಅದರಲ್ಲೊಂದರ ಹೊಟ್ಟೆಯಿಂದ ಅಂಥದ್ದೇ ಪಟ್ಟಿ ತಂದು ಹಾಕಿದರು. ಟಕ್ ಎಂದು ಎರಡೂ ಕಡೆ ಕೊಕ್ಕೆ ಕೂತವು. ಒಂದೇ ಸಣ್ಣ ಬೀಪ್. ಪರದೆ ಬೆಳಗಿತು. ಜನವರಿ ಒಂದು.

"ಇದೇ ಏನ್ರಿ ಮೆಮೊರಿ ಅಂದ್ರ?"

"ಒಂದು ಮೆಮೊರಿ. ಇದರಾಗ ಕೋಟಿಗಟ್ಲೆ ಸಣ್ಣ ಸಣ್ಣ ಕೊಡ ಅವ ಅಂತ ತಿಳಕೋ. ತುಂಬಿದ ಕೊಡ ಅಂದ್ರ ಒಂದು, ಖಾಲಿ ಅಂದ್ರ ಸೊನ್ನಿ. ನೀ ಬರದದ್ದೆಲ್ಲಾ ಹಂಗೇ ಇಡ್ತದ. ಖರೇ ಎಲ್ಲಾ ಕೊಡಕ್ಕೂ ತಳದಾಗ ತೂತು. ಸೋರ್ತಾನೇ ಇರ್ತಾವ. ಸೋರಿ ಖಾಲಿ ಆಗೂದ್ರಾಗ ಒಬ್ಬವ ಓಡಿ ಓಡಿ ತುಂಬಸ್ತಿರಬೇಕು, ಸೆಕೆಂಡಿಗಿ ಎಷ್ಟೋ ಸಲ. ಕರೆಂಟ್ ಹೋತು, ಆ ಓಡುವವ ನಿಂತ, ಮುಗೀತು. ನೀ ಏನ್ ಬರದಿದ್ದಿ ಅಂತ ಅದಕ್ಕ ನೆಪ್ಪಿರಲ್ಲ."

"ಇಷ್ಟು ಸೋರುವಂಥಾದ್ದು ಯಾಕ ಮಾಡ್ಯಾರ ಮತ್ತ? ಶ್ಯಾಣ್ಯಾರು ಮಾಡೂ ಕೆಲಸೇನ್ರಿ?"

"ಅದು ಭಾಳ ಜಲ್ದಿ ಅದ. ಹಾರ್ಡ್ ಡಿಸ್ಕ್ ಅಂದ್ರ ಒಳಗ ತಿರಗೂ ತಾಟು, ಅದರ ಮ್ಯಾಲ ಅಯಸ್ಕಾಂತದ ಗುರ್ತು. ಕರೆಂಟ್ ಹೋದ್ರೂ ಗುರ್ತು ಉಳೀತಾವ. ಖರೇ ತಾಟು ತಿರಗಿ, ಮುಳ್ಳು ಬಂದು ಹುಡುಕೂದ್ರಾಗ ತಡ. ಜಲ್ದಿ ಬರೂದು ಜಲ್ದಿ ಮರೀತದ, ತಡಾ ಮಾಡೂದು ನೆಪ್ಪಿಡ್ತದ. ಒಂದರಿಂದ ನಡ್ಯಂಗಿಲ್ಲ, ಎರಡೂ ಬೇಕು."

ಅವರದ್ದೊಂದು ನಿಯಮವಿತ್ತು. ಯಾರಾದರೂ ಕಂಪ್ಯೂಟರ್ ಕೆಟ್ಟಿತೆಂದು ಬಂದರೆ ಮೊದಲು ಕೇಳುತ್ತಿದ್ದದ್ದು ಏನಾಯಿತೆಂದಲ್ಲ. "ನಿನ್ನೆ ತನ ನಡೀತಿತ್ತು ಹೌದಲ್ಲ? ಕೊನೀಗಿ ಏನು ಹಾಕಿದಿ? ಮೊದಲು ಅದನ್ನ ತೆಗಿ. ಆಮ್ಯಾಲ ಬ್ಯಾರೆಯವರ ಮ್ಯಾಲ ಅನುಮಾನ ಪಡು."

ಇಲ್ಲಿ ಒಂದು ಸಂಗತಿ ಹೇಳಬೇಕು. ಆ ಹೊತ್ತಿಗೆ ನನಗೆ ಅದು ಗೊತ್ತಿರಲಿಲ್ಲ, ಅಥವಾ ಗೊತ್ತು ಮಾಡಿಕೊಳ್ಳುವ ಗೋಜಿಗೆ ಹೋಗಿರಲಿಲ್ಲ. ಚಾಚಾ ಕಾಲೇಜಿನ ನೌಕರರಾಗಿರಲಿಲ್ಲ. ಹದಿನೆಂಟು ವರ್ಷದಿಂದ ಪ್ರತಿ ಜೂನಿನಲ್ಲಿ ಒಂದು ಹಾಳೆಗೆ ಸಹಿ ಹಾಕುತ್ತಿದ್ದರು. ಅದರಲ್ಲಿ ಅವರ ಹೆಸರಿನ ಮುಂದೆ "ಲ್ಯಾಬ್ ಇರುವವರೆಗೆ" ಎಂದಿರುತ್ತಿತ್ತು. ಅಂದರೆ ಲ್ಯಾಬು ಮುಚ್ಚಿದ ದಿನ ಅವರ ಕೆಲಸವೂ ಮುಗಿಯಿತು. ಬಿಟ್ಟು ಬೇರೆ ಕಡೆ ಹೋಗೋಣವೆಂದರೆ ಅವರ ಹತ್ತಿರ ಡಿಗ್ರಿ ಇರಲಿಲ್ಲ. ಐವತ್ತು ದಾಟಿದ, ಬರೀ ಹಳೆಯ ಯಂತ್ರಗಳ ಜೀವ ಬಲ್ಲವರನ್ನು ಯಾರು ಕರೆಯುತ್ತಾರೆ? ನಮಗೆ ಎರಡು ಗಂಟೆಯ ಮೇಲೆ ಗೇಟು ತೆರೆಯುತ್ತಿತ್ತು. ಕೀಲಿ ಜೇಬಿನಲ್ಲಿದ್ದವರಿಗೇ ಹೊರಗೆ ದಾರಿ ಇರಲಿಲ್ಲ.

ಕೊನೆಯ ವರ್ಷ ವಿಶ್ವವಿದ್ಯಾಲಯದಿಂದ ತಪಾಸಣಾ ಸಮಿತಿ ಬರುವುದಿತ್ತು. ಸಮಿತಿಯ ಎದುರು ಎಲ್ಲ ಚೆನ್ನಾಗಿದೆ ಎನ್ನಬೇಕೆಂದು ಪ್ರಿನ್ಸಿಪಾಲರು ತರಗತಿಗೆ ಬಂದು ಹೇಳಿ ಹೋದರು. ನನಗೆ ಇಷ್ಟು ಸಾಕಾಯಿತು. ವಿದ್ಯಾರ್ಥಿಗಳ ಪರವಾಗಿ ಸಹಿಯಿಲ್ಲದ ಒಂದು ಮನವಿ ಬರೆದು ಸಮಿತಿಗೆ ತಲುಪಿಸಲು ನಿರ್ಧರಿಸಿದೆ. ಏಳನೇ ನಂಬರಿನ ಕಂಪ್ಯೂಟರಿನಲ್ಲೇ ಕೂತು, ಪ್ರಾಕ್ಟಿಕಲ್ ಮಾಡುವವಳ ಮುಖ ಮಾಡಿಕೊಂಡು, ಒಂದೂವರೆ ಗಂಟೆ ಟೈಪ್ ಮಾಡಿದೆ. ನನ್ನ ಬರವಣಿಗೆಯಲ್ಲೇ ಅಷ್ಟು ಹರಿತವಾದದ್ದು ಇನ್ನೊಂದಿಲ್ಲ ಎಂದು ಈಗಲೂ ಅನ್ನಿಸುತ್ತದೆ. ಇಂಥ ಲ್ಯಾಬನ್ನು ಲ್ಯಾಬೆಂದು ಕರೆಯುವುದು ವಿದ್ಯಾರ್ಥಿಗಳಿಗೆ ಮಾಡುವ ಮೋಸ, ಹದಿನಾರು ಕಂಪ್ಯೂಟರ್‌ಗಳು ಸತ್ತು ಮೂಲೆಯಲ್ಲಿ ಬಿದ್ದಿವೆ, ಇದನ್ನು ಕೂಡಲೇ ಮುಚ್ಚಿ ಹೊಸ ಲ್ಯಾಬ್ ಕಟ್ಟಬೇಕು.

ಅಷ್ಟರಲ್ಲಿ ಕರೆಂಟು ಹೋಯಿತು. ಹನ್ನೆರಡು ಪರದೆಗಳು ಒಟ್ಟಿಗೆ ಕಪ್ಪಾದವು. ಗೇಟಿಗೆ ಬೀಗ, ಫ್ಯಾನ್ ನಿಂತಿತ್ತು, ಮೂವತ್ತು ಜನರ ಉಸಿರಿನ ಕೋಣೆ. ನಾನು ಸೇವ್ ಮಾಡಿರಲಿಲ್ಲ. ತೂತು ಕೊಡಗಳು ಸೋರಿ ಹೋಗುವುದನ್ನು ಕಣ್ಣಾರೆ ಕಂಡಂತಾಗಿ ಮೇಜಿನ ಮೇಲೆ ತಲೆಯಿಟ್ಟೆ. ಚಾಚಾ ಎಲ್ಲರನ್ನೂ ಕಳಿಸಿದರು. ನಾನು ಏಳಲಿಲ್ಲ.

"ಏನ್ ಹೋತು?"

"ಎಲ್ಲಾ ಹೋತ್ರಿ."

"ನಕ್ಕೋ, ಅಂಜಬ್ಯಾಡ, ಎಲ್ಲಾ ಹೋಗಲ್ಲ. ಕರೆಂಟ್ ಬರ್ಲಿ."

ಬಂತು. ಅವರು ಕೂತು ಯಾವ್ಯಾವುದೋ ಫೋಲ್ಡರಿನ ಒಳಗೆ ಇಳಿದರು. ಬರೆಯುವ ಪ್ರೋಗ್ರಾಮು ನಡುನಡುವೆ ತಾನಾಗಿ ಹಾರ್ಡ್ ಡಿಸ್ಕಿನಲ್ಲಿ ಒಂದು ಪ್ರತಿ ಇಡುತ್ತದೆ. ಸಾಮಾನ್ಯವಾಗಿ ಹತ್ತು ನಿಮಿಷಕ್ಕೊಮ್ಮೆ. ಕಮಲಾಪುರದ ಕರೆಂಟನ್ನು ಬಲ್ಲ ಚಾಚಾ ಹನ್ನೆರಡೂ ಕಂಪ್ಯೂಟರ್‌ಗಳಲ್ಲಿ ಅದನ್ನು ಎರಡು ನಿಮಿಷಕ್ಕೆ ಇಳಿಸಿಟ್ಟಿದ್ದರು. ನನ್ನ ಮನವಿ ಒಂದೆರಡು ಸಾಲು ಬಿಟ್ಟು ಪೂರ್ತಿ ಪರದೆಯ ಮೇಲೆ ಬಂದು ನಿಂತಿತು. ಆಗಲೇ ನನಗೆ ಹೊಳೆದದ್ದು, ಅವರು ಅದನ್ನು ಓದುತ್ತಿದ್ದಾರೆ.

ನಿಧಾನವಾಗಿ, ತುಟಿ ಆಡಿಸುತ್ತ ಓದಿದರು. ಕನ್ನಡ ಅಕ್ಷರ ಅವರಿಗೆ ತಡವಾಗಿ ಬರುತ್ತಿತ್ತು. ಬೈಯುತ್ತಾರೆಂದುಕೊಂಡು ಉತ್ತರ ಸಿದ್ಧಮಾಡಿಕೊಳ್ಳುತ್ತಿದ್ದೆ.

"ಹದಿನಾರಲ್ಲ. ಹತ್ತೊಂಬತ್ತು" ಎಂದರು.

"ಏನ್ರಿ?"

"ಸತ್ತಾವು ಹತ್ತೊಂಬತ್ತು. ನೀ ಕುಂತ ಕಡಿಂದ ಮೂರು ಕಾಣಂಗಿಲ್ಲ, ಅಲ್ಮಾರಿ ಹಿಂದ ಇಟ್ಟೀನಿ. ಸರಿ ಬರಿ. ಒಂದು ತಪ್ಪು ಸಿಕ್ರ ಸಾಕು, ಉಳಿದ ಖರೇನೂ ಹೊರಗ ಬಿಸಾಕ್ತಾರ."

ನಾನು ತಿದ್ದಿದೆ. ಅವರು ಎದ್ದು ಹೋಗಲಿಲ್ಲ.

"ಇಲ್ಲಿ 'ಮುಚ್ಚಿ' ಅಂತ ಬರದಿ."

"ಹೌದ್ರಿ."

"ಮುಚ್ಚಲೇಬೇಕಾ? ಹೊಸಾವು ಕೊಡ್ರಿ ಅಂದ್ರ ಸಾಲಂಗಿಲ್ಲಾ?"

ಅವರು ನನ್ನನ್ನು ಏನಾದರೂ ಕೇಳಿದ್ದು ಅದೊಂದೇ ಸಲ. ನಾನೇನು ಮಾಡಿದೆ? ವಾದ ಮಾಡಿದೆ. ಅರ್ಧ ಬೇಡಿಕೆ ಇಟ್ಟವರಿಗೆ ಕಾಲು ಭಾಗವೂ ಸಿಗುವುದಿಲ್ಲ, 'ದುರಸ್ತಿ' ಎಂಬ ಮಾತು ಬಂದರೆ ಇನ್ನೂ ಹತ್ತು ವರ್ಷ ಇದೇ ಡಬ್ಬಿಗಳು, ಕಠಿಣ ಪದ ಇದ್ದರೆ ಮಾತ್ರ ಸಮಿತಿ ಅಲುಗುತ್ತದೆ ಎಂದು ಮೂರು ಅಂಶ ಮುಂದಿಟ್ಟೆ. ಮೂರೂ ಸರಿಯಾಗಿದ್ದವು.

"ಹೌ, ಖರೇ ಅದ" ಎಂದರು ಚಾಚಾ. ಎದ್ದು ಕಿಟಕಿಗೆ ಹೋಗಿ ಆ ಸರಳು ಹಿಡಿದು ನಿಂತರು. ಯಾವ ಡಬ್ಬಿಯನ್ನೂ ಬಿಚ್ಚುವುದಿರಲಿಲ್ಲ. ನಾನು ಪೆನ್‌ಡ್ರೈವಿಗೆ ಹಾಕಿಕೊಂಡು, ಕಲಬುರಗಿಯ ಸೇಡಂ ರಸ್ತೆಯ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ಸಮಿತಿಗೆ ಅಂಚೆಯಲ್ಲಿ ಕಳಿಸಿದೆ.

ಮನವಿ ಗೆದ್ದಿತು. ಸಮಿತಿಯ ಹಿರಿಯರೊಬ್ಬರು ಲ್ಯಾಬಿಗೆ ಬಂದು ಹಾಳೆ ಹಿಡಿದು ಎಣಿಸಿದರಂತೆ. ಅಲ್ಮಾರಿಯ ಹಿಂದೆಯೂ ಬಗ್ಗಿ ನೋಡಿ, ಹತ್ತೊಂಬತ್ತು ಸರಿಯಾಗಿದೆ ಎಂದು ತಲೆಯಾಡಿಸಿದರಂತೆ. ಕೆಟ್ಟವನ್ನೆಲ್ಲ ಗುಜರಿಗೆ ಹಾಕಿ ಎಂದು ಬರೆದು ಹೋದರು. ಲಾರಿ ಬಂತು. ಹತ್ತೊಂಬತ್ತೂ ಹೋದವು. ನಾವು ಗೇಟಿನ ಹತ್ತಿರ ನಿಂತು ಚಪ್ಪಾಳೆ ತಟ್ಟಿದೆವು.

ಒಂದೇ ತಿಂಗಳಲ್ಲಿ ಹನ್ನೆರಡು ಏಳಾದವು, ಏಳು ನಾಲ್ಕಾದವು. ಒಂದಕ್ಕೆ ರ‍್ಯಾಮ್ ಹೋದರೆ ತಂದು ಹಾಕಲು ಹೊಟ್ಟೆಗಳಿರಲಿಲ್ಲ. ಒಂದರ ಪವರ್ ಡಬ್ಬಿ ಸುಟ್ಟರೆ ಬೇರೆಯದು ಇರಲಿಲ್ಲ. ನಾನು ಸತ್ತವು ಎಂದು ಬರೆದದ್ದೇ ಇಷ್ಟು ವರ್ಷ ಬದುಕಿದ್ದವನ್ನು ಸಾಕಿದ್ದವು. ಚಾಚಾ ಅವನ್ನು ಒಂದು ದಿನವೂ ಸತ್ತಾವು ಅಂದಿರಲಿಲ್ಲ, ನನ್ನ ಮನವಿಯ ಅಂಕಿ ತಿದ್ದಿದ ಆ ದಿನ ಬಿಟ್ಟು. ಅವು ಅವರ ಅಂಗಡಿ, ಅವರ ಕಪಾಟು. ಹೊಟ್ಟೆ ಬಿಚ್ಚಿ ತೆಗೆಯುವುದನ್ನು ಮೂರು ವರ್ಷ ನನ್ನ ಕಣ್ಣೆದುರೇ ಮಾಡಿದ್ದರು. ತಪ್ಪು ಹುಡುಕುವ ಕಣ್ಣಿಗೆ ಅದು ಕಾಣಲಿಲ್ಲ. ಹೊಸವು ಬರುವ ತನಕ ಲ್ಯಾಬ್ ಬಂದ್ ಎಂದು ಗೇಟಿಗೆ ಹಾಳೆ ಅಂಟಿತು.

ಆ ವಾರ ನಾನು ಪ್ರಿನ್ಸಿಪಾಲರ ಕೋಣೆಯಲ್ಲಿ ಅವರ ಎದುರು ನಿಂತಿದ್ದೆ. ಅಪ್ಪ ಕೊನೆಗೂ ಮೆತ್ತಗಾಗಿ, ಕಲಬುರಗಿಯಲ್ಲಿ ಕಾನೂನು ಓದಲು ಒಪ್ಪಿದ್ದರು. ಅರ್ಜಿಗೆ ಪ್ರಿನ್ಸಿಪಾಲರ ನಡತೆ ಪತ್ರ ಬೇಕಿತ್ತು. ಪತ್ರ ಅವರ ಮುಂದೆ ಇತ್ತು. ಪೆನ್ನಿನ ಮುಚ್ಚಳ ತೆಗೆದಿದ್ದರು. ಅಷ್ಟರಲ್ಲಿ ಚಾಚಾ ಒಳಗೆ ಬಂದರು. ಕರೆಸಿದ್ದರಂತೆ.

"ಬರ್ರಿ. ಲೈಬ್ರರ್ಯಾಗ ಒಂದು ಜಾಗ ಅದ, ನಿಮ್ಮನ್ನ ಅಲ್ಲಿ ಹಾಕೋಣಂತ ಆಡಳಿತ ಮಂಡಳಿಗಿ ಹೇಳಿದ್ದೆ. ಖರೇ ಒಂದು ಮಾತು ಹೇಳ್ರಿ. ಸಮಿತಿಗಿ ಹೋದ ಆ ಅರ್ಜಿ ಯಾರು ಬರದಾರ? ನಿಮ್ಮ ಲ್ಯಾಬಿನಾಗೇ ಟೈಪ್ ಆಗ್ಯಾದ ಅಂತ ನನಗ ಗೊತ್ತದ."

ಚಾಚಾ ನನ್ನ ಕಡೆ ನೋಡಲೂ ಇಲ್ಲ. "ಕರೆಂಟ್ ಹೋಗಿತ್ರೀ ಸಾಹೇಬ್ರ. ರ‍್ಯಾಮಿನಾಗ ಇದ್ದದ್ದು ಕರೆಂಟ್ ಹೋದ್ರ ಉಳಿಯಂಗಿಲ್ರೀ."

"ಉಳಿಯಂಗಿಲ್ಲ. ಆತು. ಹಂಗಾದ್ರ ಅಲ್ಮಾರಿ ಹಿಂದ ಮೂರು ಅವ ಅಂತ ಯಾರಿಗಿ ಗೊತ್ತಿತ್ತು? ನನಗ ಗೊತ್ತಿರಲಿಲ್ಲ. ಹುಡುಗರಿಗಿ ಕಾಣಂಗಿಲ್ಲ. ಇಡೀ ಕಾಲೇಜಿನಾಗ ಒಬ್ಬರಿಗೇ ಗೊತ್ತು."

ಚಾಚಾ ಜೇಬಿನ ಮೇಲಿನಿಂದಲೇ ಕೀಲಿಯನ್ನು ಮುಟ್ಟಿ ನೋಡಿಕೊಂಡರು.

"ಉಂಡ ಮನಿಗಿ ಹಿಂಗ ಮಾಡಬಾರದಿತ್ತು" ಎಂದರು ಪ್ರಿನ್ಸಿಪಾಲರು.

ಆ ಕ್ಷಣದ ಬಗ್ಗೆ ನಾನು ಎಷ್ಟೋ ಸಲ ಪರ ವಿರೋಧ ಎರಡೂ ಕಡೆಯಿಂದ ಮಾತಾಡಿ ನೋಡಿದ್ದೇನೆ. ಬಾಯಿಬಿಟ್ಟಿದ್ದರೆ ಸಹಿ ಆಗುತ್ತಿರಲಿಲ್ಲ, ನಾನು ಮತ್ತೆ ಅದೇ ಬಸ್ಸು, ಅದೇ ಮನೆ. ಅವರು ಹೇಗೂ ಮೌನವಾಗಿದ್ದರು, ಅವರ ಮೌನವನ್ನು ಮುರಿಯುವ ಹಕ್ಕು ನನಗಿತ್ತೇ? ಹೀಗೆ. ಯಾವ ನಿರ್ಣಾಯಕರೂ ಅಂಕ ಕೊಡದ ವಾದಗಳು. ನಡೆದದ್ದು ಇಷ್ಟು: ಮೂರು ವರ್ಷ ಒಂದು ನಿಮಿಷ ಬಾಯಿ ಮುಚ್ಚದವಳು ಆ ಕೋಣೆಯಲ್ಲಿ ಮೂಕಿಯಾಗಿ ನಿಂತೆ. ಪ್ರಿನ್ಸಿಪಾಲರು ನನ್ನ ಕಡೆ ತಿರುಗಿ, "ನಡತಿ ಉತ್ತಮ" ಎಂದು ಗಟ್ಟಿಯಾಗಿ ಓದಿ, ಸಹಿ ಹಾಕಿ ಕೊಟ್ಟರು. ಚಾಚಾ ಜೇಬಿನಿಂದ ಲ್ಯಾಬಿನ ಕೀಲಿ ತೆಗೆದು ಅದೇ ಮೇಜಿನ ಮೇಲೆ ಇಟ್ಟರು. ಗೇಟು ತೆರೆದದ್ದು ನನಗೆ.

ಕಾನೂನಿನ ಎರಡನೆಯ ವರ್ಷದಲ್ಲಿದ್ದಾಗ ಕಮಲಾಪುರದ ಕಿರಿಯ ಗೆಳತಿಯೊಬ್ಬಳು ಹೇಳಿದಳು: ಇಪ್ಪತ್ತು ಹೊಸ ಕಂಪ್ಯೂಟರ್ ಬಂದಿವೆ, ರಟ್ಟಿನ ಖೋಕಾದಲ್ಲೇ ಇವೆ, ಬಿಚ್ಚಿ ಕೂಡಿಸುವವರಿಲ್ಲದೆ ಲ್ಯಾಬಿಗೆ ಬೀಗ ಹಾಗೇ ಇದೆ. ಕೇಳಿ ನಗು ಬಂತು, ಆಮೇಲೆ ಬರಲಿಲ್ಲ. ಅವಳಿಂದಲೇ ಗೊತ್ತಾಯಿತು, ಚಾಚಾ ಕಲಬುರಗಿಯ ಅಂಚಿನ ಕಪನೂರಿನಲ್ಲಿ ಹಳೆಯ ಕಂಪ್ಯೂಟರ್ ಒಡೆಯುವ ಒಂದು ಶೆಡ್ಡಿನಲ್ಲಿದ್ದಾರೆ. ನಮ್ಮ ಲಾರಿ ಹೋದದ್ದೂ ಅಲ್ಲಿಗೇ.

ಕೂತು ಆಡಳಿತ ಮಂಡಳಿಗೆ ಒಂದು ಪತ್ರ ಬರೆದೆ. ಮೊದಲ ಪ್ರತಿಯಲ್ಲಿ ಪ್ರಿನ್ಸಿಪಾಲರು, ಸಮಿತಿ, ಆರು ವರ್ಷ ಸೆಲ್ ಕೊಡದ ಆಫೀಸು, ಎಲ್ಲರನ್ನೂ ಹಿಡಿದು ಝಾಡಿಸಿದ್ದೆ. ಓದಿ ನೋಡಿದಾಗ ಅವರ ನಿಯಮ ನೆನಪಾಯಿತು. ನಿನ್ನೆ ತನಕ ನಡೆಯುತ್ತಿತ್ತು. ಕೊನೆಗೆ ಹಾಕಿದ್ದು ಏನು? ಹರಿದು, ಎರಡನೆಯ ಪ್ರತಿ ಬರೆದೆ. ಕೆಳಗೆ ಹೆಸರು ಹಾಕಿ ಸಹಿ ಮಾಡಿದೆ.

ಕಪನೂರಿನ ಆ ಸಾಲಿನಲ್ಲಿ ಎಲ್ಲ ಶೆಡ್ಡುಗಳೂ ಒಂದೇ ರೀತಿ. ತಗಡಿನ ಮಾಡು, ಅರ್ಧ ಇಳಿಸಿದ ಶಟರು. ಚಾಚಾ ಯಾವುದರಲ್ಲಿದ್ದಾರೆಂದು ಕೇಳಬೇಕಾಗಲಿಲ್ಲ. ಒಂದು ಗೋಡೆಯ ಬುಡದಲ್ಲಿ ನೆಲಕ್ಕೆ ಹೂತ ಕೊಳವೆ, ಅದಕ್ಕೆ ಸುತ್ತಿದ ತಾಮ್ರದ ತಂತಿ, ಸುತ್ತ ಒದ್ದೆ ಮಣ್ಣು ಕಂಡವು. ಶಟರಿನ ಕೆಳಗೆ ಬಗ್ಗಿ ಒಳಗೆ ಹೋದೆ. ಬೋರ್ಡುಗಳ ಗುಡ್ಡದ ನಡುವೆ ಒಂದು ಖಾಲಿ ಡಬ್ಬಿಯ ಮೇಲೆ ಕೂತಿದ್ದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಹೆಬ್ಬೆರಳು ಅದೇ ಬೂದು.

"ಅರೇ, ವಕೀಲಬಾಯಿ! ಖರೇನೇ ವಕೀಲ ಆದಿ ಏನ್?"

"ಇನ್ನಾ ಆಗಿಲ್ರಿ ಚಾಚಾ."

"ಕುಂದ್ರು. ಕುಂದ್ರಲಿಕ್ಕ ಮಾತ್ರ ಇಲ್ಲಿ ಡಬ್ಬಿ ಭಾಳ ಅವ."

ಕೂತೆ. ಶಟರಿನಿಂದ ಬರುವ ಬೆಳಕು ಮೊಣಕಾಲ ತನಕ ಮಾತ್ರ ಬರುತ್ತಿತ್ತು. ಹೊರಗಿನ ಜಗತ್ತಿನಲ್ಲಿ ಕಾಣುತ್ತಿದ್ದದ್ದು ಗಾಲಿಗಳು ಮತ್ತು ಚಪ್ಪಲಿಗಳು.

"ಚಾಚಾ, ಆವತ್ತು ನನ್ನ ಹೆಸರು ಯಾಕ ಹೇಳಲಿಲ್ಲ?"

"ನಾ ಸುಳ್ಳು ಹೇಳೀನೇನು? ರ‍್ಯಾಮಿನಾಗ ಉಳಿಯಂಗಿಲ್ಲ ಅಂದೆ. ಖರೇ ಅದ."

"ಡಿಸ್ಕಿನಾಗ ಇತ್ತಲ್ರಿ!"

"ಡಿಸ್ಕಿನ ಬಗ್ಗಿ ಅವರು ಕೇಳಲೇ ಇಲ್ಲ." ಒಳಗೊಳಗೇ ನಕ್ಕರು. ಆಮೇಲೆ ನಗು ನಿಲ್ಲಿಸಿ, "ನಿನ್ನ ಹಾಳಿ ಮುಂದ ಇತ್ತು. ಪೆನ್ನು ತಗದಿದ್ರು. ಇಬ್ಬರೂ ಒಳಗೇ ಉಳಿದು ಏನ್ ಮಾಡೂದದ?"

ಕಳಿಸುವ ಮುನ್ನ ಓದಲೆಂದು ಪತ್ರ ಕೊಟ್ಟೆ. ಅದಕ್ಕೆ ಆಡಳಿತ ಮಂಡಳಿಯಿಂದ ಇಂದಿನವರೆಗೆ ಉತ್ತರ ಬಂದಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಮೂರು ಸಲ ಹೋಗಿ ಕೇಳಿದ್ದೇನೆ, ಇನ್ನೂ ಹೋಗುತ್ತೇನೆ. ಚಾಚಾ ಇನ್ನೂ ಆ ಶಟರಿನ ಒಳಗೇ ಇದ್ದಾರೆ. ಆ ದಿನ ಅವರು ಪತ್ರವನ್ನು ಬೆಳಕಿಗೆ ಹಿಡಿದು, ತುಟಿ ಆಡಿಸುತ್ತ, ಒಂದೊಂದೇ ಸಾಲು ಓದಿದರು: ಆ ಮನವಿ ಬರೆದವಳು ನಾನು. ಅವರು ಬರೆದದ್ದಲ್ಲ. ನಾನು ಸತ್ತವು ಎಂದ ಹತ್ತೊಂಬತ್ತು ಕಂಪ್ಯೂಟರ್‌ಗಳು ಸತ್ತಿರಲಿಲ್ಲ, ಅವುಗಳಿಂದಲೇ ಅವರು ಲ್ಯಾಬು ನಡೆಸುತ್ತಿದ್ದರು. ಆ ಹತ್ತೊಂಬತ್ತನ್ನೂ ಗುಜರಿಯಲ್ಲಿ ಒಡೆಯಲಾಗಿದೆ. ಲ್ಯಾಬು ನಿಂತದ್ದಕ್ಕೆ ಹೊಣೆ ನನ್ನದು.

ಬೈಯಲಿ, ಕ್ಷಮಿಸಲಿ, ಏನಾದರೂ ಅನ್ನಲಿ ಎಂದು ಕಾಯುತ್ತಿದ್ದೆ.

"ಇಲ್ಲಿ ತಪ್ಪದ" ಎಂದರು.

"ಯಾವದ್ರಿ?"

"ಹತ್ತೊಂಬತ್ತು ಅಷ್ಟೂ ಒಡದಾರ ಅಂತ ಬರದಿ." ಎದ್ದು ಗೋಡೆಯ ಹತ್ತಿರ ಹೋಗಿ, ಒಳಗೆ ಹಾದು ಬಂದಿದ್ದ ತಾಮ್ರದ ತಂತಿಯನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬಂದರು. ಗುಡ್ಡದ ಹಿಂದೆ, ಗೋಣಿಚೀಲ ಮುಚ್ಚಿದ ಒಂದು ಡಬ್ಬಿ ಇತ್ತು. ಅದರ ಪಕ್ಕಕ್ಕೆ ಕಾಲೇಜಿನ ಹಳದಿ ಬಣ್ಣದ ನಂಬರು ಅರ್ಧ ಅಳಿಸಿತ್ತು. ಬಟನ್ ಒತ್ತಿದರು. ಫ್ಯಾನು ಎರಡು ಸುತ್ತು ತಡವರಿಸಿ ತಿರುಗಿತು. ಒಂದೇ ಸಣ್ಣ ಬೀಪ್.

"ಅಲ್ಮಾರಿ ಹಿಂದಿಂದು. ಹೋದ ತಿಂಗಳ ಎದ್ದದ" ಎಂದರು. "ಹದಿನೆಂಟು ಬರಿ."

ಪೆನ್ನು ನನ್ನ ಹತ್ತಿರವೇ ಇತ್ತು. ಆ ಸಾಲಿನ ಹತ್ತೊಂಬತ್ತನ್ನು ಹೊಡೆದುಹಾಕಿ, ಮೇಲೆ ಹದಿನೆಂಟು ಎಂದು ಬರೆದೆ.